ಬರಸೀಮೆಯ ಲೆಕ್ಕಾಚಾರ: ಅರ್ಥಶಾಸ್ತ್ರ ಸಂಸ್ಥೆಗಳ ಬೋಧನೆ, ಸಂಶೋಧನೆ ಮತ್ತು ಸಾರ್ವಜನಿಕ ನೀತಿ (ಚಿತ್ರದುರ್ಗ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಅನುಲಕ್ಷಿಸಿ)

ಪ್ರವೇಶ

ಚಿತ್ರದುರ್ಗ ಜಿಲ್ಲೆಯು ಇತಿಹಾಸಕಾರರಿಗೆ ಅಶೋಕನ ಶಾಸನಗಳ, ಚಂದ್ರವಳ್ಳಿಯ ಉತ್ಖನನದ ಮತ್ತು ಪಾಳೆಯಗಾರರ ಕೋಟೆಯ ನಾಡು. ಅರ್ಥಶಾಸ್ತ್ರದ ಅಭ್ಯಾಸಿಗಳಿಗೆ ಅದು ಮತ್ತೊಂದು ಕಾರಣದಿಂದ ಮುಖ್ಯವಾಗುತ್ತದೆ. ಮಳೆಯ ಅಭಾವ, ಬತ್ತುವ ಕೆರೆ, ಆಳಕ್ಕಿಳಿದ ಕೊಳವೆಬಾವಿ, ಗುಳೆ ಹೋಗುವ ಕುಟುಂಬ, ಗಣಿಗಾರಿಕೆ, ಅಡಿಕೆ ಮತ್ತು ತೆಂಗಿನ ತೋಟ ಇವೆಲ್ಲವೂ ಒಂದೇ ಜಿಲ್ಲೆಯ ಎಲ್ಲೆಯೊಳಗೆ, ಕೆಲವೊಮ್ಮೆ ಒಂದೇ ಹೋಬಳಿಯೊಳಗೆ, ಅಕ್ಕಪಕ್ಕದಲ್ಲಿವೆ. 1997ರಲ್ಲಿ ದಾವಣಗೆರೆ, ಹರಿಹರ ಮತ್ತು ಜಗಳೂರು ತಾಲ್ಲೂಕುಗಳು ಹೊಸ ಜಿಲ್ಲೆಗೆ ಸೇರಿದ ಬಳಿಕ ಉಳಿದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ 2011ರ ಜನಗಣತಿಯ ಪ್ರಕಾರ 16,59,456 ಜನ ವಾಸಿಸುತ್ತಿದ್ದರು.

ಈ ಸೀಮೆಯ ಬಡತನವನ್ನೂ ನೀರಿನ ಕೊರತೆಯನ್ನೂ ಅಳೆದು, ಅದಕ್ಕೆ ಅಂಕಿಯ ರೂಪ ಕೊಟ್ಟು, ಸರ್ಕಾರದ ಮುಂದೆ ಇಡುವ ಕೆಲಸವನ್ನು ಸ್ವಾತಂತ್ರ್ಯಾನಂತರದ ಕಾಲದಲ್ಲಿ ಬಹುಮಟ್ಟಿಗೆ ಅರ್ಥಶಾಸ್ತ್ರದ ಉನ್ನತ ಅಧ್ಯಯನ ಸಂಸ್ಥೆಗಳು ಮತ್ತು ವಿಶ್ವವಿದ್ಯಾನಿಲಯಗಳ ವಿಭಾಗಗಳು ನಿರ್ವಹಿಸಿವೆ. ಒಂದು ತಾಲ್ಲೂಕು ‘ಹಿಂದುಳಿದದ್ದು’ ಎಂದು ಹೆಸರು ಪಡೆಯುವುದೂ ಅದಕ್ಕೆ ಅನುದಾನ ದೊರೆಯುವುದೂ ಈ ಅಳತೆಯನ್ನು ಅವಲಂಬಿಸಿರುತ್ತವೆ. ಆದುದರಿಂದ ಅಳೆಯುವವರು ಯಾರು, ಅವರು ಏನನ್ನು ಅಳೆಯುತ್ತಾರೆ, ಯಾವುದು ಅಳತೆಯಿಂದ ಹೊರಗುಳಿಯುತ್ತದೆ ಎಂಬ ಪ್ರಶ್ನೆಗಳು ಕೇವಲ ಶಾಸ್ತ್ರೀಯ ಪ್ರಶ್ನೆಗಳಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳನ್ನು ಹಿನ್ನೆಲೆಯಾಗಿಟ್ಟುಕೊಂಡು ಅರ್ಥಶಾಸ್ತ್ರ ಸಂಸ್ಥೆಗಳ ಬೋಧನೆ, ಸಂಶೋಧನೆ ಮತ್ತು ನೀತಿನಿರೂಪಣೆಯ ಪಾತ್ರವನ್ನು ವಿವರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೈಸೂರು ಸಂಸ್ಥಾನದ ಪರಂಪರೆ

ಆರ್ಥಿಕ ವಿಚಾರ ಮತ್ತು ಆಡಳಿತವನ್ನು ಜೊತೆಗೂಡಿಸುವ ಪ್ರಯತ್ನ ಮೈಸೂರು ಸಂಸ್ಥಾನದಲ್ಲಿ ಬಹಳ ಹಿಂದೆಯೇ ಆರಂಭವಾಯಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಆಗ ಮುಖ್ಯ ಎಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ, ಮೈಸೂರು ಆರ್ಥಿಕ ಸಮ್ಮೇಳನ ಸ್ಥಾಪನೆಗೊಂಡಿತು. ಕೃಷಿ, ಕೈಗಾರಿಕೆ ಮತ್ತು ಶಿಕ್ಷಣಗಳನ್ನು ಕುರಿತು ಅಧಿಕಾರಿಗಳೂ ಅಧಿಕಾರೇತರರೂ ಕೂಡಿ ಚರ್ಚಿಸುವ ವ್ಯವಸ್ಥೆ ಇದಾಗಿತ್ತು. ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿಯೂ ಇದರ ಸಮಿತಿಗಳಿದ್ದವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಅರ್ಥಶಾಸ್ತ್ರವು ಕ್ರಮಬದ್ಧ ಪಠ್ಯವಿಷಯವಾಗಿ ಬೆಳೆಯಿತು.

ಚಿತ್ರದುರ್ಗ ಸೀಮೆಯ ಮಟ್ಟಿಗೆ ಆ ಕಾಲದ ಬಹುದೊಡ್ಡ ಆರ್ಥಿಕ ನಿರ್ಧಾರವೆಂದರೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಕಟ್ಟಲಾದ ಅಣೆಕಟ್ಟು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದಾಗ ಕೈಗೊಂಡ ಈ ಕಾಮಗಾರಿ 1907ರಲ್ಲಿ ಪೂರ್ಣಗೊಂಡಿತು. ವಾಣಿವಿಲಾಸ ಸಾಗರವೆಂದು ಹೆಸರಾದ ಈ ಜಲಾಶಯದ ಸಾಮರ್ಥ್ಯ ಸುಮಾರು 30 ಟಿಎಂಸಿ; ಅಚ್ಚುಕಟ್ಟು ಸುಮಾರು 12 ಸಾವಿರ ಹೆಕ್ಟೇರ್. ಆದರೆ ಜಲಾಶಯವು ಪೂರ್ಣಮಟ್ಟವಾದ 130 ಅಡಿಯನ್ನು ತಲುಪಿದ್ದು 1933ರಲ್ಲಿ ಒಮ್ಮೆ. ಮತ್ತೆ ತಲುಪಿದ್ದು 2022ರಲ್ಲಿ. ನಡುವಣ ಸುಮಾರು ತೊಂಬತ್ತು ವರ್ಷಗಳ ಅಂತರವು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಒಂದು ದೊಡ್ಡ ಪಾಠ. ಕಟ್ಟಿದ ಸಾಮರ್ಥ್ಯ ಬೇರೆ, ದೊರೆಯುವ ನೀರು ಬೇರೆ, ಆ ನೀರಿನಿಂದ ಹುಟ್ಟುವ ಆದಾಯ ಬೇರೆ. ಈ ಮೂರನ್ನೂ ಪ್ರತ್ಯೇಕವಾಗಿ ಅಳೆಯದೆ ನೀರಾವರಿಯ ಫಲವನ್ನು ನಿರ್ಧರಿಸಲಾಗದು.

ಸಂಸ್ಥೆಗಳ ಸ್ಥಾಪನೆ ಮತ್ತು ಬೋಧನೆ

ಕರ್ನಾಟಕದಲ್ಲಿ ಆರ್ಥಿಕ ಸಂಶೋಧನೆಗೆ ಪ್ರತ್ಯೇಕ ನೆಲೆ ದೊರೆತದ್ದು 1972ರಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು (ಐಸೆಕ್) ಸ್ಥಾಪಿಸಿದಾಗ. ಕೇಂಬ್ರಿಜ್‌ನಲ್ಲಿ ಅಧ್ಯಯನ ಮಾಡಿ, ಭಾರತದ ರಾಷ್ಟ್ರೀಯ ವರಮಾನದ ಅಂದಾಜಿನಲ್ಲಿ ಆರಂಭದ ಮಹತ್ವದ ಕೆಲಸ ಮಾಡಿದ್ದ ರಾವ್ ಅವರು ಅದಕ್ಕೂ ಮುನ್ನ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್ ಸಂಸ್ಥೆಗಳನ್ನು ಕಟ್ಟಿದ್ದರು. ಕೇಂದ್ರದಲ್ಲಿ ಶಿಕ್ಷಣ ಸಚಿವರೂ ಆಗಿದ್ದರು. ಅರ್ಥಶಾಸ್ತ್ರವನ್ನು ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಜನಸಂಖ್ಯಾಶಾಸ್ತ್ರಗಳಿಂದ ಬೇರ್ಪಡಿಸದೆ ಒಂದೇ ಸೂರಿನಡಿ ನೋಡಬೇಕೆಂಬ ಅವರ ನಿಲುವು ಸಂಸ್ಥೆಯ ಹೆಸರಿನಲ್ಲಿಯೇ ವ್ಯಕ್ತವಾಗಿದೆ. ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿ ಮತ್ತು ರಾಜ್ಯ ಸರ್ಕಾರಗಳ ನೆರವಿನಿಂದ ನಡೆಯುವ ಈ ಸಂಸ್ಥೆಯಲ್ಲಿ ಕೃಷಿ ಅಭಿವೃದ್ಧಿ ಮತ್ತು ಗ್ರಾಮೀಣ ಪರಿವರ್ತನೆ, ವಿಕೇಂದ್ರೀಕರಣ, ಜನಸಂಖ್ಯೆ, ಪರಿಸರ ಅರ್ಥಶಾಸ್ತ್ರ ಮೊದಲಾದ ವಿಷಯಗಳಿಗೆ ಪ್ರತ್ಯೇಕ ಘಟಕಗಳು ಬೆಳೆದುಬಂದವು.

ಇದೇ ದಾರಿಯಲ್ಲಿ ಇತರ ಸಂಸ್ಥೆಗಳೂ ಕೆಲಸ ಮಾಡಿವೆ. ಮೈಸೂರು ವಿಶ್ವವಿದ್ಯಾನಿಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆ, ಧಾರವಾಡದಲ್ಲಿ ಪಿ.ಆರ್. ಪಂಚಮುಖಿಯವರು ಕಟ್ಟಿದ ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ, ಬೆಂಗಳೂರು ಮತ್ತು ಧಾರವಾಡಗಳ ಕೃಷಿ ವಿಶ್ವವಿದ್ಯಾನಿಲಯಗಳ ಕೃಷಿ ಅರ್ಥಶಾಸ್ತ್ರ ವಿಭಾಗಗಳು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ವಿಭಾಗ ಇವುಗಳಲ್ಲಿ ಮುಖ್ಯವಾದವು. 2017ರಲ್ಲಿ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ಆರಂಭವಾಗಿ, ಮುಂದೆ ರಾಜ್ಯ ಶಾಸನದ ಮೂಲಕ ವಿಶ್ವವಿದ್ಯಾನಿಲಯದ ಸ್ಥಾನ ಪಡೆದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಈ ಸಾಲಿಗೆ ಸೇರಿದ ಈಚಿನ ಸಂಸ್ಥೆ. ಚಿತ್ರದುರ್ಗ ಜಿಲ್ಲೆಗೆ ಹತ್ತಿರದ ವಿಶ್ವವಿದ್ಯಾನಿಲಯವೆಂದರೆ 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯ. ಅದಕ್ಕೂ ಮೊದಲು ಈ ಭಾಗದ ಕಾಲೇಜುಗಳು ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಚಿತ್ರದುರ್ಗದ ಬಳಿ ಜಿ.ಆರ್. ಹಳ್ಳಿಯಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಿದೆ.

ಈ ಸಂಸ್ಥೆಗಳ ಬೋಧನೆಯಲ್ಲಿ ಎರಡು ಮಾದರಿಗಳನ್ನು ಗುರುತಿಸಬಹುದು. ಮೊದಲನೆಯದು ಸ್ನಾತಕ ಮತ್ತು ಸ್ನಾತಕೋತ್ತರ ತರಗತಿಗಳ ಮಾದರಿ. ಇಲ್ಲಿ ಸಿದ್ಧಾಂತ, ಸಂಖ್ಯಾಶಾಸ್ತ್ರ, ಸಾರ್ವಜನಿಕ ಹಣಕಾಸು, ಭಾರತದ ಆರ್ಥಿಕತೆ ಮುಂತಾದವು ಪಠ್ಯಕ್ರಮದ ಮೂಲಕ ಕಲಿಸಲ್ಪಡುತ್ತವೆ. ಎರಡನೆಯದು ಸಂಶೋಧನಾ ತರಬೇತಿಯ ಮಾದರಿ. ಇಲ್ಲಿ ವಿದ್ಯಾರ್ಥಿಯು ಪ್ರಶ್ನಾವಳಿ ಸಿದ್ಧಪಡಿಸಿ, ಮಾದರಿ ಗ್ರಾಮಗಳನ್ನು ಆರಿಸಿ, ಮನೆಮನೆಗೆ ಹೋಗಿ ಮಾಹಿತಿ ಸಂಗ್ರಹಿಸಿ ವಿಶ್ಲೇಷಿಸುತ್ತಾನೆ. ನೀತಿಗೆ ನೆರವಾಗುವುದು ಬಹುತೇಕ ಎರಡನೆಯ ಮಾದರಿಯ ಫಲವಾದರೂ ಅದಕ್ಕೆ ಬೇಕಾದ ಕೈಗಳು ಸಿದ್ಧವಾಗುವುದು ಮೊದಲನೆಯದರಲ್ಲಿ. ಹೊಳಲ್ಕೆರೆಯ ಅಥವಾ ಹೊಸದುರ್ಗದ ಕಾಲೇಜಿನಲ್ಲಿ ಕಲಿತ ವಿದ್ಯಾರ್ಥಿಗೆ ತನ್ನ ತಾಲ್ಲೂಕಿನ ಬೆಳೆವಿವರ, ಪಹಣಿ ಮತ್ತು ಗ್ರಾಮ ಪಂಚಾಯಿತಿಯ ಆಯವ್ಯಯಗಳನ್ನು ಓದಲು ಬಂದರೆ ಮಾತ್ರ ಈ ಎರಡು ಮಾದರಿಗಳ ನಡುವೆ ಸೇತುವೆ ಏರ್ಪಡುತ್ತದೆ.

ಬರ, ಜಲಾನಯನ ಮತ್ತು ಕೊಳವೆಬಾವಿ: ಸಂಶೋಧನೆಯ ಮೂರು ನೆಲೆಗಳು

1973–74ರಲ್ಲಿ ಕೇಂದ್ರ ಸರ್ಕಾರವು ಬರಪೀಡಿತ ಪ್ರದೇಶಾಭಿವೃದ್ಧಿ ಕಾರ್ಯಕ್ರಮವನ್ನು ಆರಂಭಿಸಿತು. ಚಿತ್ರದುರ್ಗವೂ ಅದರ ವ್ಯಾಪ್ತಿಗೆ ಬಂದಿತು. ಬರವನ್ನು ಅಕಸ್ಮಾತ್ತಾಗಿ ಬರುವ ವಿಪತ್ತೆಂದು ಕಂಡು ಪರಿಹಾರ ಕಾಮಗಾರಿ ನಡೆಸುವ ಹಳೆಯ ಕ್ರಮಕ್ಕೆ ಬದಲಾಗಿ, ಅದನ್ನು ಒಂದು ಪ್ರದೇಶದ ಸ್ಥಾಯಿ ಲಕ್ಷಣವೆಂದು ಒಪ್ಪಿ ಭೂಮಿ, ನೀರು, ಜಾನುವಾರುಗಳ ದೀರ್ಘಕಾಲೀನ ಸುಧಾರಣೆಗೆ ಯೋಜಿಸುವುದು ಇದರ ಆಶಯವಾಗಿತ್ತು. ಇಂಥ ಕಾರ್ಯಕ್ರಮದ ಫಲವನ್ನು ತಿಳಿಯಬೇಕಾದರೆ ಅದು ಆರಂಭವಾಗುವ ಮೊದಲಿನ ಸ್ಥಿತಿಯ ದಾಖಲೆ ಅಗತ್ಯ. ಐಸೆಕ್‌ನ ಎಂ.ವಿ. ನಾಡಕರ್ಣಿಯವರು ಆಂಧ್ರಪ್ರದೇಶ, ಕರ್ನಾಟಕ ಮತ್ತು ತಮಿಳುನಾಡುಗಳ ಬರಪೀಡಿತ ಜಿಲ್ಲೆಗಳ ಸಾಮಾಜಿಕ–ಆರ್ಥಿಕ ಸ್ಥಿತಿಯನ್ನು ಕುರಿತು 1985ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಗೆಯದು. ಮುಂದೆ ಹೋಲಿಸಿ ನೋಡಲು ಒಂದು ಮೂಲರೇಖೆಯನ್ನು ಎಳೆದುಕೊಡುವುದು ಇಂಥ ಸಂಶೋಧನೆಯ ಪ್ರಯೋಜನ.

ಎರಡನೆಯ ನೆಲೆ ಜಲಾನಯನ ಅಭಿವೃದ್ಧಿಯದು. ವಿಶ್ವಬ್ಯಾಂಕ್ ನೆರವಿನ ‘ಸುಜಲ’ ಯೋಜನೆಗೆ 2000ದ ದಶಕದಲ್ಲಿ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಬ್ರಿಟಿಷ್ ಸರ್ಕಾರದ ನೆರವಿನಿಂದ ನಡೆದ ಕರ್ನಾಟಕ ಜಲಾನಯನ ಅಭಿವೃದ್ಧಿ ಯೋಜನೆಯಲ್ಲಿ (ಕವಾಡ್) ಬಳ್ಳಾರಿ, ಬಿಜಾಪುರಗಳೊಡನೆ ಚಿತ್ರದುರ್ಗ ಜಿಲ್ಲೆಯ ಚಿನ್ನಹಗರಿ ಪಾತ್ರವೂ ಸೇರಿತ್ತು. ಈ ಯೋಜನೆಗಾಗಿ ಸಿದ್ಧಪಡಿಸಿದ ಜಲಸಂಪನ್ಮೂಲ ಪರಿಶೋಧನೆಯು ಅಂದಿನ ಸಾಮಾನ್ಯ ನಂಬಿಕೆಯನ್ನು ಪ್ರಶ್ನಿಸಿತು. ಬದು, ತಡೆಅಣೆ, ಇಂಗುಗುಂಡಿಗಳಿಂದ ಮೇಲ್ಭಾಗದ ರೈತರಿಗೆ ನೀರು ದೊರೆಯುತ್ತದೆ. ಆದರೆ ಆ ನೀರು ಹೊಸದಾಗಿ ಹುಟ್ಟಿದ್ದಲ್ಲ, ಕೆಳಭಾಗದ ಕೆರೆಗೆ ಹರಿಯಬೇಕಾಗಿದ್ದ ನೀರು ಮೇಲ್ಭಾಗದಲ್ಲಿಯೇ ಬಳಕೆಯಾಗುತ್ತದೆ ಎಂಬುದು ಅದರ ತಿಳಿವಳಿಕೆ.

ಈ ತಿಳಿವಳಿಕೆ ವೇದಾವತಿ ಪಾತ್ರಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಹೊಸದುರ್ಗ ತಾಲ್ಲೂಕಿನ ಇಳಿಜಾರಿನಲ್ಲಿ ಹಿಡಿದಿಟ್ಟ ಪ್ರತಿ ಹನಿಯೂ ಅಲ್ಲಿನ ತೆಂಗಿನ ತೋಟಕ್ಕೆ ಲಾಭ. ಕೆಳಗಿನ ವಾಣಿವಿಲಾಸ ಸಾಗರದ ಲೆಕ್ಕದಲ್ಲಿ ಅದು ಒಳಹರಿವಿನ ಕಡಿತ. ಮತ್ತೊಂದೆಡೆ ಜಲಾಶಯದ ಹಿನ್ನೀರು ಹೊಸದುರ್ಗ ತಾಲ್ಲೂಕಿನೊಳಕ್ಕೆ ಚಾಚುತ್ತದೆ; ಕಾಲುವೆಗಳು ಹರಿಯುವುದು ಹಿರಿಯೂರಿನ ಕಡೆಗೆ. ಒಂದು ತಾಲ್ಲೂಕಿನಲ್ಲಿ ಮುಳುಗಡೆ, ಇನ್ನೊಂದರಲ್ಲಿ ಅಚ್ಚುಕಟ್ಟು. ಒಬ್ಬರ ಕ್ರಿಯೆಯ ಲಾಭ–ನಷ್ಟ ಬೆಲೆಯ ಮೂಲಕ ವ್ಯಕ್ತವಾಗದೆ ಮತ್ತೊಬ್ಬರ ಮೇಲೆ ಬೀಳುವುದನ್ನು ಅರ್ಥಶಾಸ್ತ್ರವು ಬಾಹ್ಯ ಪರಿಣಾಮವೆಂದು ಕರೆಯುತ್ತದೆ. ಪಠ್ಯಪುಸ್ತಕಗಳು ಇದಕ್ಕೆ ಕಾರ್ಖಾನೆಯ ಹೊಗೆಯ ಉದಾಹರಣೆ ಕೊಡುತ್ತವೆ. ಈ ಸೀಮೆಯ ವಿದ್ಯಾರ್ಥಿಗೆ ವೇದಾವತಿಯೇ ಸಾಕು.

ಮೂರನೆಯ ನೆಲೆ ಅಂತರ್ಜಲದ್ದು. ಕರ್ನಾಟಕದ ಗಟ್ಟಿಶಿಲಾ ಪ್ರದೇಶದಲ್ಲಿ ಕೊಳವೆಬಾವಿಗಳ ವೈಫಲ್ಯ ಮತ್ತು ಅದರ ವೆಚ್ಚವನ್ನು ಕುರಿತು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಎಂ.ಜಿ. ಚಂದ್ರಕಾಂತ್ ಮತ್ತು ಅವರ ವಿದ್ಯಾರ್ಥಿಗಳು ಹಲವು ಅಧ್ಯಯನಗಳನ್ನು ನಡೆಸಿದರು. ಚಂದ್ರಕಾಂತ್ ಅವರು ಮುಂದೆ ಐಸೆಕ್‌ನ ನಿರ್ದೇಶಕರೂ ಆದರು. ಈ ಅಧ್ಯಯನಗಳ ವಿಧಾನವನ್ನು ಒಂದು ಕಲ್ಪಿತ ಲೆಕ್ಕದಿಂದ ವಿವರಿಸಬಹುದು. ರೈತನೊಬ್ಬನು ತಲಾ 2 ಲಕ್ಷ ರೂಪಾಯಿ ವೆಚ್ಚದಲ್ಲಿ ಮೂರು ಕಡೆ ಕೊಳವೆಬಾವಿ ಕೊರೆಸಿದನೆಂದೂ ಅವುಗಳಲ್ಲಿ ಒಂದರಲ್ಲಿ ಮಾತ್ರ ನೀರು ಬಂದು ಅದೂ ಐದು ವರ್ಷಕ್ಕೆ ಬತ್ತಿತೆಂದೂ ಇಟ್ಟುಕೊಳ್ಳೋಣ. ನೀರು ಬಂದ ಬಾವಿಯ ವೆಚ್ಚವನ್ನಷ್ಟೇ ಹಿಡಿದು, ಅದರ ಆಯುಸ್ಸನ್ನು ಹತ್ತು ವರ್ಷವೆಂದು ಎಣಿಸಿದರೆ ವಾರ್ಷಿಕ ವೆಚ್ಚ 20 ಸಾವಿರ ರೂಪಾಯಿ. ವಿಫಲವಾದ ಎರಡು ಬಾವಿಗಳನ್ನೂ ಸೇರಿಸಿ, ನಿಜವಾದ ಐದು ವರ್ಷಕ್ಕೆ ಹಂಚಿದರೆ, ಬಡ್ಡಿಯನ್ನು ಬಿಟ್ಟೂ, ಅದು 1 ಲಕ್ಷ 20 ಸಾವಿರ ರೂಪಾಯಿ. ಅಂದರೆ ಆರು ಪಟ್ಟು. ಮೊದಲ ಲೆಕ್ಕದಲ್ಲಿ ಲಾಭದಾಯಕವೆಂದು ತೋರಿದ ಬೆಳೆ ಎರಡನೆಯ ಲೆಕ್ಕದಲ್ಲಿ ಸಾಲದ ಮೂಲವಾಗಬಹುದು.

ರೈತರ ಸಾಲ ಮತ್ತು ಸಂಕಷ್ಟವನ್ನು ಕುರಿತ ಚರ್ಚೆಗೂ ಈ ಲೆಕ್ಕಕ್ಕೂ ನೇರ ಸಂಬಂಧವಿದೆ. ರಾಜ್ಯದಲ್ಲಿ ರೈತರ ಆತ್ಮಹತ್ಯೆಗಳು ಹೆಚ್ಚಾದಾಗ ಸರ್ಕಾರವು ಜಿ.ಕೆ. ವೀರೇಶ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿತು. ಅದು 2002ರಲ್ಲಿ ವರದಿ ನೀಡಿತು. ಅದೇ ವರ್ಷ ಐಸೆಕ್‌ನ ಆರ್.ಎಸ್. ದೇಶಪಾಂಡೆಯವರು ಈ ವಿಷಯವನ್ನು ಕುರಿತು ಪ್ರಕಟಿಸಿದ ಸಂಶೋಧನಾ ಲೇಖನವು ಕೃಷಿ ಸಂಕಷ್ಟದ ಹಲವು ಕಾರಣಗಳನ್ನು ಒಟ್ಟಿಗೆ ನೋಡಲು ಯತ್ನಿಸಿತು. ಆಡಳಿತದ ಕಡತದಲ್ಲಿ ಒಂದು ಸಾವು ಪರಿಹಾರಕ್ಕೆ ಅರ್ಹವೇ ಅಲ್ಲವೇ ಎಂಬ ಪ್ರಶ್ನೆಯಾಗಿ ಮುಗಿಯುತ್ತದೆ. ಸಂಶೋಧನೆಯು ಅದರ ಹಿಂದಿನ ಬಾವಿ, ಬೆಳೆ, ಬೆಲೆ ಮತ್ತು ಸಾಲಗಳ ಸರಣಿಯನ್ನು ಹುಡುಕುತ್ತದೆ. ಸಾರ್ವಜನಿಕ ನೀತಿಯಲ್ಲಿ ಅರ್ಥಶಾಸ್ತ್ರ ಸಂಸ್ಥೆಗಳ ಪಾತ್ರ ಏಕೆ ಅಗತ್ಯವೆಂಬುದಕ್ಕೆ ಇದಕ್ಕಿಂತ ಗಂಭೀರವಾದ ನಿದರ್ಶನ ಬೇಕಿಲ್ಲ.

ನಂಜುಂಡಪ್ಪ ಸಮಿತಿ: ಸಂಶೋಧನೆ ನೀತಿಯಾದ ಬಗೆ

ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರವು ರಾಜ್ಯದ ಹಣಕಾಸಿನ ಹಂಚಿಕೆಯನ್ನು ಪ್ರತ್ಯಕ್ಷವಾಗಿ ಪ್ರಭಾವಿಸಿದ ಪ್ರಮುಖ ಸಂದರ್ಭವೆಂದರೆ ಪ್ರಾದೇಶಿಕ ಅಸಮತೋಲನ ನಿವಾರಣೆಯ ಉನ್ನತಾಧಿಕಾರ ಸಮಿತಿಯದು. ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ, ಕರ್ನಾಟಕ ಮತ್ತು ಬೆಂಗಳೂರು ವಿಶ್ವವಿದ್ಯಾನಿಲಯಗಳ ಕುಲಪತಿಗಳಾಗಿ ಸೇವೆ ಸಲ್ಲಿಸಿದ್ದ ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ 2000ದಲ್ಲಿ ರಚನೆಯಾದ ಈ ಸಮಿತಿ 2002ರ ಜೂನ್‌ನಲ್ಲಿ ವರದಿ ಸಲ್ಲಿಸಿತು.

ಸಮಿತಿಯು ಜಿಲ್ಲೆಯ ಬದಲು ತಾಲ್ಲೂಕನ್ನು ಘಟಕವಾಗಿ ತೆಗೆದುಕೊಂಡಿತು. ಕೃಷಿ, ಕೈಗಾರಿಕೆ, ಆರ್ಥಿಕ ಮೂಲಸೌಕರ್ಯ, ಸಾಮಾಜಿಕ ಮೂಲಸೌಕರ್ಯ ಮತ್ತು ಜನಸಂಖ್ಯೆಗೆ ಸಂಬಂಧಿಸಿದ 35 ಸೂಚಕಗಳನ್ನು ಆರಿಸಿ, ಅವುಗಳನ್ನು ಒಂದು ಸಮಗ್ರ ಸಂಯುಕ್ತ ಅಭಿವೃದ್ಧಿ ಸೂಚ್ಯಂಕವಾಗಿ ಒಗ್ಗೂಡಿಸಿತು. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, 0.89ರಿಂದ 0.99ರವರೆಗಿನವು ಹಿಂದುಳಿದ, 0.80ರಿಂದ 0.88ರವರೆಗಿನವು ಅತಿ ಹಿಂದುಳಿದ, 0.53ರಿಂದ 0.79ರವರೆಗಿನವು ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ವರ್ಗೀಕರಿಸಲಾಯಿತು. ಅಂದಿನ 175 ತಾಲ್ಲೂಕುಗಳಲ್ಲಿ 114 ತಾಲ್ಲೂಕುಗಳು ಸರಾಸರಿಗಿಂತ ಕೆಳಗಿದ್ದವು: 35 ಹಿಂದುಳಿದವು, 40 ಅತಿ ಹಿಂದುಳಿದವು, 39 ಅತ್ಯಂತ ಹಿಂದುಳಿದವು. ಈ 39ರಲ್ಲಿ ಹೊಸದುರ್ಗವೂ ಒಂದು. ಹಿಂದುಳಿದಿರುವಿಕೆ ಉತ್ತರ ಕರ್ನಾಟಕದ ಸಮಸ್ಯೆ ಮಾತ್ರವೆಂಬ ಭಾವನೆಯನ್ನು ಈ ಪಟ್ಟಿಯು ತಿದ್ದಿತು. ಉತ್ತರದ 59 ತಾಲ್ಲೂಕುಗಳ ಜೊತೆಗೆ ದಕ್ಷಿಣದ 55 ತಾಲ್ಲೂಕುಗಳೂ ಅದರಲ್ಲಿದ್ದವು.

ಎಂಟು ವರ್ಷಗಳ ಅವಧಿಗೆ 31 ಸಾವಿರ ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಶಿಫಾರಸು ಮಾಡಿತು. 2007–08ರಿಂದ ಸರ್ಕಾರವು ಇದರ ಅನುಷ್ಠಾನಕ್ಕೆ ತೊಡಗಿತು. ಅಲ್ಲಿಂದ ಮುಂದೆ ತಾಲ್ಲೂಕುಗಳ ಪ್ರತಿನಿಧಿಗಳು ಶಾಸನಸಭೆಯಲ್ಲಿ ಮಾತನಾಡುವ ಭಾಷೆಯೇ ಬದಲಾಯಿತು. ‘ನಮ್ಮದು ಬರದ ನಾಡು’ ಎಂಬ ಅಳಲಿನ ಜಾಗದಲ್ಲಿ ‘ನಮ್ಮ ತಾಲ್ಲೂಕಿನ ಸೂಚ್ಯಂಕ ಇಷ್ಟು’ ಎಂಬ ವಾದ ಸಾಧ್ಯವಾಯಿತು. ಸಂಶೋಧನೆಯೊಂದು ಜನರ ಕೈಗೆ ವಾದದ ಸಾಧನವನ್ನು ಕೊಟ್ಟದ್ದು ಈ ವರದಿಯ ಮಹತ್ವ.

ಸರಾಸರಿಯು ಮರೆಮಾಚುವ ಸಂಗತಿಗಳು

ಆದರೂ ಸೂಚ್ಯಂಕದ ಮಿತಿಗಳನ್ನು ಗಮನಿಸದಿರಲಾಗದು. ಜಿಲ್ಲೆಗಿಂತ ತಾಲ್ಲೂಕು ಚಿಕ್ಕ ಘಟಕ ನಿಜ. ಆದರೆ ತಾಲ್ಲೂಕಿನ ಒಳಗೂ ಅಸಮತೋಲನವಿದೆ. ಹಿರಿಯೂರು ತಾಲ್ಲೂಕಿನಲ್ಲಿ ವಾಣಿವಿಲಾಸ ಸಾಗರದ ಅಚ್ಚುಕಟ್ಟಿನ ಗ್ರಾಮಗಳೂ ಇವೆ, ಧರ್ಮಪುರ ಹೋಬಳಿಯಂತಹ ಒಣಪ್ರದೇಶವೂ ಇದೆ. ವಿಸ್ತೀರ್ಣದಲ್ಲಿ ಸಮಾನವಾದ ಎರಡು ಭಾಗಗಳಲ್ಲಿ ಒಂದರ ನೀರಾವರಿ ಶೇ. 60, ಇನ್ನೊಂದರದು ಶೇ. 10 ಎಂದು ಭಾವಿಸಿದರೆ ಸರಾಸರಿ ಶೇ. 35 ಆಗುತ್ತದೆ. ಆ ಶೇ. 35 ಎರಡು ಭಾಗಗಳಲ್ಲಿ ಯಾವುದರ ಸ್ಥಿತಿಯನ್ನೂ ಹೇಳುವುದಿಲ್ಲ. ಕಾಲುವೆಯ ಗ್ರಾಮದ ಪೈರು ಒಣಗ್ರಾಮದ ಬರವನ್ನು ಕಾಗದದ ಮೇಲೆ ಮುಚ್ಚಿಬಿಡುತ್ತದೆ.

ಹೊಳಲ್ಕೆರೆಯಲ್ಲಿ ಈ ಸಮಸ್ಯೆ ಬೇರೆ ರೂಪದಲ್ಲಿದೆ. ಅಡಿಕೆ ತೋಟಗಳ ವಿಸ್ತರಣೆಯಿಂದ ಕೃಷಿ ಉತ್ಪನ್ನದ ಮೌಲ್ಯ ಏರುತ್ತದೆ. ಸೂಚ್ಯಂಕದಲ್ಲಿ ಅದು ಪ್ರಗತಿ. ಆ ತೋಟವನ್ನು ಉಳಿಸಲು ಕೊರೆದ ಕೊಳವೆಬಾವಿಗಳ ಸರಣಿ ಮತ್ತು ಕುಸಿದ ಅಂತರ್ಜಲ ಮಟ್ಟ ಅದೇ ಸೂಚ್ಯಂಕದಲ್ಲಿ ಕಳೆಯಲ್ಪಡುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಳ್ಳುವ ರೈತನ ವೆಚ್ಚ ಅವನ ಮನೆಯ ಲೆಕ್ಕದಲ್ಲಿದೆ, ತಾಲ್ಲೂಕಿನ ಲೆಕ್ಕದಲ್ಲಿಲ್ಲ. ನೀರಿನ ಬಂಡವಾಳ ಕರಗುವುದನ್ನು ಆದಾಯವೆಂದು ಎಣಿಸುವ ದೋಷವನ್ನು ಪರಿಸರ ಅರ್ಥಶಾಸ್ತ್ರವು ಬಹಳ ಕಾಲದಿಂದ ಎತ್ತಿ ತೋರಿಸುತ್ತ ಬಂದಿದೆ.

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದ ಆಸುಪಾಸಿನಲ್ಲಿ ಅಡಿಕೆಯ ಜೊತೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆಯೂ ಇದೆ. 2011ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ನಂತರ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿಯೂ ಅದಿರು ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಷರತ್ತುಗಳೊಡನೆ ಅದು ಮುಂದೆ ಪುನರಾರಂಭವಾಯಿತು. ಗಣಿ ನಿಂತಾಗ ಲಾರಿ ಸಾಲ ತೀರಿಸಲಾಗದವರೂ ದೂಳಿನಿಂದ ಬಿಡುಗಡೆ ಪಡೆದ ತೋಟದವರೂ ಅಕ್ಕಪಕ್ಕದ ಊರಿನವರೇ. 2015ರ ಗಣಿ ಕಾಯಿದೆಯ ತಿದ್ದುಪಡಿಯ ಮೂಲಕ ರಚನೆಯಾದ ಜಿಲ್ಲಾ ಖನಿಜ ಪ್ರತಿಷ್ಠಾನಗಳ ಹಣವೂ ಗಣಿಬಾಧಿತ ಮೂರು ಜಿಲ್ಲೆಗಳ ಪುನಶ್ಚೇತನಕ್ಕಾಗಿ ಮೀಸಲಾದ ಹಣವೂ ಯಾವ ಗ್ರಾಮಕ್ಕೆ, ಯಾವ ಕಾರ್ಯಕ್ಕೆ ಸಲ್ಲಬೇಕೆಂಬುದನ್ನು ನಿರ್ಧರಿಸಲು ಗ್ರಾಮಮಟ್ಟದ ಆರ್ಥಿಕ ಸಮೀಕ್ಷೆಯೇ ಆಧಾರವಾಗಬೇಕು.

ಭದ್ರಾ ಮೇಲ್ದಂಡೆ: ಮುಂದಿರುವ ಪರೀಕ್ಷೆ

ಈ ನಾಲ್ಕೂ ತಾಲ್ಲೂಕುಗಳ ನಿರೀಕ್ಷೆ ಇಂದು ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಕೇಂದ್ರೀಕೃತವಾಗಿದೆ. ತುಂಗಾ ನದಿಯಿಂದ 17.4 ಟಿಎಂಸಿ ನೀರನ್ನು ಭದ್ರಾ ಜಲಾಶಯಕ್ಕೆ ಎತ್ತಿ, ಭದ್ರಾದ 12.5 ಟಿಎಂಸಿಯೊಂದಿಗೆ ಸೇರಿಸಿ, ಒಟ್ಟು 29.9 ಟಿಎಂಸಿ ನೀರಿನಿಂದ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಮತ್ತು ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್ ಭೂಮಿಗೆ ಸೂಕ್ಷ್ಮ ನೀರಾವರಿ ಒದಗಿಸುವುದು ಮತ್ತು ಕೆರೆಗಳನ್ನು ತುಂಬಿಸುವುದು ಇದರ ಗುರಿ. ಯೋಜನೆಯ ಅಂದಾಜು ವೆಚ್ಚ ಹಲವು ಬಾರಿ ಪರಿಷ್ಕೃತಗೊಂಡು 2020ರ ಹೊತ್ತಿಗೆ 21 ಸಾವಿರ ಕೋಟಿ ರೂಪಾಯಿಗಳನ್ನು ದಾಟಿತು. 2023–24ರ ಕೇಂದ್ರ ಆಯವ್ಯಯದಲ್ಲಿ ಇದಕ್ಕೆ 5,300 ಕೋಟಿ ರೂಪಾಯಿಗಳ ನೆರವನ್ನು ಘೋಷಿಸಲಾಯಿತು.

ಇಂತಹ ಯೋಜನೆಯನ್ನು ಅರ್ಥಶಾಸ್ತ್ರವು ವೆಚ್ಚ–ಪ್ರಯೋಜನ ವಿಶ್ಲೇಷಣೆಯ ಮೂಲಕ ಪರಿಶೀಲಿಸುತ್ತದೆ. ಮುಂದಿನ ವರ್ಷಗಳಲ್ಲಿ ದೊರೆಯುವ ಪ್ರಯೋಜನವನ್ನು ಇಂದಿನ ಮೌಲ್ಯಕ್ಕೆ ಇಳಿಸಿ, ವೆಚ್ಚದೊಡನೆ ಹೋಲಿಸುವುದು ಅದರ ಕ್ರಮ. ಕಾಮಗಾರಿ ತಡವಾದಂತೆ ವೆಚ್ಚ ಏರುತ್ತದೆ, ಪ್ರಯೋಜನ ಹಿಂದೆ ಸರಿಯುತ್ತದೆ. ಹೀಗಾಗಿ ವಿಳಂಬವು ಎರಡು ಬದಿಗಳಿಂದಲೂ ಯೋಜನೆಯ ಸಾರ್ಥಕತೆಯನ್ನು ಕುಗ್ಗಿಸುತ್ತದೆ. ಇದರ ಜೊತೆಗೆ ಬೆಳೆಯ ಆಯ್ಕೆಯ ಪ್ರಶ್ನೆಯಿದೆ. ನೀರನ್ನು ವಿಶಾಲ ಪ್ರದೇಶಕ್ಕೆ ತೆಳುವಾಗಿ ಹಂಚಿ ಒಣಬೇಸಾಯದ ಬೆಳೆಗಳಿಗೆ ಭದ್ರತೆ ನೀಡುವುದು ಸೂಕ್ಷ್ಮ ನೀರಾವರಿಯ ತತ್ವ. ಕಾಲುವೆಯ ಮೊದಲ ಭಾಗದಲ್ಲಿಯೇ ಅಡಿಕೆ ತೋಟಗಳು ಹಬ್ಬಿದರೆ ಕೊನೆಯ ಗ್ರಾಮಕ್ಕೆ ನೀರು ತಲುಪದು. ಮಾರಿಕಣಿವೆಯ ಶತಮಾನದ ಅನುಭವವಿರುವ ಜಿಲ್ಲೆಯಲ್ಲಿ ಈ ಎಚ್ಚರಿಕೆಯನ್ನು ಕಡೆಗಣಿಸಲಾಗದು. ನೀರು ಹರಿಯುವ ಮೊದಲಿನ ಸ್ಥಿತಿಯನ್ನು ಗ್ರಾಮವಾರು ದಾಖಲಿಸಿಡುವ ಮೂಲರೇಖಾ ಸಮೀಕ್ಷೆಯನ್ನು ಸಮೀಪದ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ವಿಭಾಗವು ಕಾಲೇಜುಗಳ ನೆರವಿನಿಂದ ಕೈಗೊಳ್ಳಬಹುದು. ಕಾಲುವೆಗಳು ಪೂರ್ಣವಾಗಿ ಹರಿದ ಮೇಲೆ ಆ ಅವಕಾಶ ಮತ್ತೆ ಬರುವುದಿಲ್ಲ.

ಭಾಷೆ ಮತ್ತು ಜಿಲ್ಲೆಯ ಪಾಲು

ಸಂಶೋಧನೆಯ ಫಲ ಜನರಿಗೆ ತಲುಪುವಲ್ಲಿ ಭಾಷೆಯ ತೊಡಕು ಪ್ರಮುಖವಾದುದು. ಆರ್ಥಿಕ ಸಂಶೋಧನಾ ಪ್ರಬಂಧಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ. ಯಾರ ಬಾವಿಯನ್ನು ಕುರಿತು ಅಧ್ಯಯನ ನಡೆದಿದೆಯೋ ಅವರೇ ಅದನ್ನು ಓದಲಾರರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಡಾ. ಟಿ.ಆರ್. ಚಂದ್ರಶೇಖರ ಅವರು ಪ್ರಾದೇಶಿಕ ಅಸಮಾನತೆ, ಮಾನವ ಅಭಿವೃದ್ಧಿ, ಲಿಂಗ ಸಂಬಂಧಗಳನ್ನು ಕುರಿತು ಕನ್ನಡದಲ್ಲಿಯೇ ಬರೆದು, ಅರ್ಥಶಾಸ್ತ್ರದ ಪರಿಕಲ್ಪನೆಗಳಿಗೆ ಕನ್ನಡದಲ್ಲಿ ನೆಲೆ ಒದಗಿಸಿದ್ದು ಈ ನಿಟ್ಟಿನಲ್ಲಿ ಉಲ್ಲೇಖನೀಯ. ರಾಜ್ಯದ ಮಾನವ ಅಭಿವೃದ್ಧಿ ವರದಿ 1999ರಲ್ಲಿ ಮೊದಲ ಬಾರಿಗೆ ಹೊರಬಂದು, 2014ರ ಹೊತ್ತಿಗೆ ಜಿಲ್ಲಾವಾರು ವರದಿಗಳೂ ಸಿದ್ಧವಾದವು. ಇವು ಗ್ರಂಥಾಲಯದ ಕಪಾಟಿನಿಂದ ಗ್ರಾಮಸಭೆಯವರೆಗೆ ತಲುಪಿದಾಗಲೇ ಸಾರ್ಥಕವಾಗುತ್ತವೆ.

ಎರಡನೆಯ ತೊಡಕು ಸ್ಥಳದ್ದು. ರಾಜಧಾನಿಯ ಸಂಸ್ಥೆಯು ಜಿಲ್ಲೆಗೆ ಬಂದು ಮಾಹಿತಿ ಸಂಗ್ರಹಿಸಿ ಹಿಂದಿರುಗುತ್ತದೆ. ಮುಂದಿನ ಯೋಜನೆ ಬಂದಾಗ ಮತ್ತೆ ಹೊಸದಾಗಿ ಸಮೀಕ್ಷೆ ನಡೆಯುತ್ತದೆ. ಒಂದೇ ಗ್ರಾಮವನ್ನು ಹತ್ತಿಪ್ಪತ್ತು ವರ್ಷ ಅನುಸರಿಸಿ ನೋಡುವ ಸಂಶೋಧನೆ ಅಪರೂಪ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಪದವಿ ಕಾಲೇಜುಗಳ ಅರ್ಥಶಾಸ್ತ್ರ ವಿಭಾಗಗಳು ತಲಾ ಎರಡು ಗ್ರಾಮಗಳನ್ನು ಆರಿಸಿಕೊಂಡು, ಪ್ರತಿವರ್ಷ ಮಳೆ, ಬೆಳೆ, ಬಾವಿ, ಕೂಲಿ, ಸಾಲ ಮತ್ತು ಗುಳೆಯ ವಿವರಗಳನ್ನು ಒಂದೇ ನಮೂನೆಯಲ್ಲಿ ದಾಖಲಿಸಿದರೂ ಹತ್ತು ವರ್ಷಗಳಲ್ಲಿ ಅಮೂಲ್ಯವಾದ ಆಕರವೊಂದು ನಿರ್ಮಾಣವಾಗುತ್ತದೆ. ಇದಕ್ಕೆ ದೊಡ್ಡ ಅನುದಾನಕ್ಕಿಂತ ಶಿಸ್ತು ಮತ್ತು ಸಾತತ್ಯ ಮುಖ್ಯ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಬೋಧನೆ, ಸಂಶೋಧನೆ ಮತ್ತು ನೀತಿ ಪ್ರತ್ಯೇಕ ಕಾರ್ಯಗಳಲ್ಲ. ಒಂದು ದುರ್ಬಲವಾದರೆ ಉಳಿದೆರಡೂ ದುರ್ಬಲವಾಗುತ್ತವೆ. ಕವಾಡ್ ಜಲಪರಿಶೋಧನೆ, ಬಾವಿ ವೈಫಲ್ಯದ ಅಧ್ಯಯನ ಮತ್ತು ನಂಜುಂಡಪ್ಪ ವರದಿಗಳು ಬರಸೀಮೆಯ ಸಮಸ್ಯೆಯನ್ನು ಬೇರೆ ಬೇರೆ ಮಟ್ಟಗಳಲ್ಲಿ ಅಳೆದು ತೋರಿಸಿವೆ. ಮೊದಲೆರಡು ಹಳ್ಳ ಮತ್ತು ಹೊಲದ ಮಟ್ಟದ ಸತ್ಯವನ್ನು ಹೇಳಿದರೆ, ಮೂರನೆಯದು ರಾಜ್ಯದ ಹಂಚಿಕೆಗೆ ಆಧಾರ ಒದಗಿಸಿತು. ಈ ಎರಡು ಮಟ್ಟಗಳನ್ನು ಬೆಸೆಯುವ ಕಾರ್ಯ ಉಳಿದಿದೆ.

2024ರಲ್ಲಿ ರಾಜ್ಯ ಸರ್ಕಾರವು, ಹಿಂದೆ ಐಸೆಕ್‌ನ ನಿರ್ದೇಶಕರಾಗಿದ್ದ ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನವನ್ನು ಪುನಃ ಪರಿಶೀಲಿಸುವ ಸಮಿತಿಯನ್ನು ರಚಿಸಿತು. ಎರಡು ದಶಕಗಳ ಹಿಂದಿನ ಅಳತೆಗೋಲು ಇಂದಿನ ಸ್ಥಿತಿಗೆ ಹೊಂದುವುದೇ ಎಂಬ ಪ್ರಶ್ನೆ ಹೀಗೆ ಮತ್ತೆ ತೆರೆದುಕೊಂಡಿತು. ಹೊಸ ಅಳತೆಗಳಲ್ಲಿ ಅಂತರ್ಜಲದ ಸ್ಥಿತಿಗೆ ಸ್ಥಾನ ದೊರೆತು, ತಾಲ್ಲೂಕಿನ ಜೊತೆಗೆ ಹೋಬಳಿಯೂ ಘಟಕವಾಗಿ ಪರಿಗಣಿತವಾದರೆ ಧರ್ಮಪುರದ ಒಣಗ್ರಾಮವು ಕಾಲುವೆಯ ಗ್ರಾಮದ ಸರಾಸರಿಯಲ್ಲಿ ಕಾಣೆಯಾಗುವುದಿಲ್ಲ. ಅದಕ್ಕೆ ಬೇಕಾದ ಮಾಹಿತಿಯನ್ನು ಕಲೆಹಾಕಿ ಒದಗಿಸಬಲ್ಲವರು ಆ ಸೀಮೆಯಲ್ಲಿಯೇ ಓದುತ್ತಿರುವ ಅರ್ಥಶಾಸ್ತ್ರದ ವಿದ್ಯಾರ್ಥಿಗಳು. ಅವರನ್ನು ಆ ಕೆಲಸಕ್ಕೆ ಸಜ್ಜುಗೊಳಿಸುವುದು ವಿಶ್ವವಿದ್ಯಾನಿಲಯಗಳ ಹೊಣೆ. ಅವರು ತಂದ ಲೆಕ್ಕವನ್ನು ಗಂಭೀರವಾಗಿ ಪರಿಗಣಿಸುವುದು ಸರ್ಕಾರದ ಹೊಣೆ.